ಕಾರೆನ್ ಹಾಫ್

ಕಾರೆನ್ ಹಾಫ್ (29 ಮೇ 1921 – 29 ಫೆಬ್ರವರಿ 2000) ಡೆನ್ಮಾರ್ಕ್ ದೇಶದ ಕಯಾಕ್ ಕ್ರೀಡಾಪಟು. ಒಲಿಂಪಿಕ್ ಕ್ರೀಡಾಕೂಟದಲ್ಲಿ ಮಹಿಳೆಯರಿಗಾಗಿ ಏರ್ಪಟ್ಟ ಮೊಟ್ಟಮೊದಲ ಕಯಾಕ್ ಸ್ಪರ್ಧೆಯನ್ನು 1948ರಲ್ಲಿ ಗೆದ್ದವರು ಇವರು. ಅದೇ ವರ್ಷ ಬೋಡಿಲ್ ಸ್ವೆಂಡ್ಸೆನ್ ಅವರ ಜೊತೆಗೂಡಿ ಇಬ್ಬರ ಕಯಾಕ್‌ನ 500 ಮೀಟರ್ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನೂ ಪಡೆದರು. ಒಲಿಂಪಿಕ್ ಪಟ್ಟಿಗಳನ್ನು ಮಾತ್ರ ನೋಡುವವರಿಗೆ ಈ ಎರಡನೆಯ ಗೆಲುವು ಕಾಣುವುದಿಲ್ಲ. ಮಹಿಳೆಯರ ಜೋಡಿ ಸ್ಪರ್ಧೆಗೆ ಆಗ ಒಲಿಂಪಿಕ್ಸ್‌ನಲ್ಲಿ ಸ್ಥಾನವೇ ಇರಲಿಲ್ಲ.

ಜನನ ಮತ್ತು ಕಾಲ

ಬಾಲ್ಟಿಕ್ ಸಮುದ್ರದಲ್ಲಿರುವ ಬೋರ್ನ್‌ಹೋಮ್ ದ್ವೀಪದ ವೆಸ್ಟರ್ಮಾರೀ ಎಂಬ ಹಳ್ಳಿಯಲ್ಲಿ ಕಾರೆನ್ ಜನಿಸಿದರು. ಈ ದ್ವೀಪ ಡೆನ್ಮಾರ್ಕಿಗೆ ಸೇರಿದ್ದರೂ ಡೆನ್ಮಾರ್ಕಿನ ಉಳಿದ ಭಾಗಕ್ಕಿಂತ ಸ್ವೀಡನ್ ದೇಶಕ್ಕೇ ಹೆಚ್ಚು ಹತ್ತಿರದಲ್ಲಿದೆ. ಈ ಕ್ರೀಡೆಯ ಮೊದಲ ಅಂತರರಾಷ್ಟ್ರೀಯ ಸಂಘ 1924ರಲ್ಲಿ ಸ್ಥಾಪನೆಯಾದದ್ದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿಯೇ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕ್ರೀಡೆಗೆ ಪ್ರವೇಶ ದೊರೆಯಿತಾದರೂ ಅಲ್ಲಿ ಪುರುಷರಿಗೆ ಮಾತ್ರ ಅವಕಾಶವಿತ್ತು. ಎರಡು ವರ್ಷಗಳ ಅನಂತರ, 1938ರಲ್ಲಿ, ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರು ಒಂಟಿಯಾಗಿಯೂ ಜೋಡಿಯಾಗಿಯೂ 600 ಮೀಟರ್ ಸ್ಪರ್ಧೆಗಳಲ್ಲಿ ಭಾಗವಹಿಸಿದರು. ಆಗ ಕಾರೆನ್ ಅವರಿಗೆ ಹದಿನೇಳು ವರ್ಷ.

ಮುಂದಿನ ಹತ್ತು ವರ್ಷ ವಿಶ್ವ ಚಾಂಪಿಯನ್‌ಶಿಪ್ ನಡೆಯಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಏಪ್ರಿಲ್ ತಿಂಗಳಲ್ಲಿ ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. 1940 ಮತ್ತು 1944ರ ಒಲಿಂಪಿಕ್ಸ್‌ಗಳು ರದ್ದಾದವು. ಕ್ರೀಡಾಪಟುವಿನ ಬಾಳಿನಲ್ಲಿ ಹತ್ತೊಂಬತ್ತರಿಂದ ಇಪ್ಪತ್ತಮೂರರ ವಯಸ್ಸು ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ. ಲಂಡನ್ ಒಲಿಂಪಿಕ್ಸ್ ನಡೆದಾಗ ಕಾರೆನ್ ಅವರಿಗೆ ಇಪ್ಪತ್ತೇಳು ತುಂಬಿತ್ತು.

1948ರ ಒಲಿಂಪಿಕ್ ವಿಜಯ

ಲಂಡನ್ ಒಲಿಂಪಿಕ್ಸ್‌ನ ಕಯಾಕ್ ಮತ್ತು ಕನೂ ಸ್ಪರ್ಧೆಗಳು ಥೇಮ್ಸ್ ನದಿಯ ದಡದ ಹೆನ್ಲಿ ಪಟ್ಟಣದಲ್ಲಿ ನಡೆದವು. 1839ರಿಂದಲೂ ದೋಣಿ ಸ್ಪರ್ಧೆಗಳಿಗೆ ಹೆಸರಾದ ಸ್ಥಳವಿದು. ಒಟ್ಟು ಒಂಬತ್ತು ಸ್ಪರ್ಧೆಗಳಲ್ಲಿ ಎಂಟು ಪುರುಷರವು, ಒಂದು ಮಾತ್ರ ಮಹಿಳೆಯರದು. ಪುರುಷರಿಗೆ 1,000 ಮತ್ತು 10,000 ಮೀಟರ್‌ಗಳನ್ನು ಗೊತ್ತುಪಡಿಸಲಾಗಿತ್ತು. ಮಹಿಳೆಯರಿಗೆ ಒಬ್ಬರೇ ಕುಳಿತು ನಡೆಸುವ ಕಯಾಕ್‌ನಲ್ಲಿ 500 ಮೀಟರ್.

ಆಗಸ್ಟ್ 12ರಂದು ನಡೆದ ಅಂತಿಮ ಸ್ಪರ್ಧೆಯನ್ನು ಕಾರೆನ್ 2 ನಿಮಿಷ 31.9 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕ ಪಡೆದರು. ನೆದರ್ಲೆಂಡ್ಸ್‌ನ ಅಲಿಡಾ ವಾನ್ ಡೆರ್ ಆಂಕರ್-ಡೂಡಾನ್ಸ್ 2 ನಿಮಿಷ 32.8 ಸೆಕೆಂಡುಗಳಲ್ಲಿ ಎರಡನೆಯವರಾಗಿಯೂ, ಆಸ್ಟ್ರಿಯಾದ ಫ್ರಿಟ್ಸಿ ಶ್ವಿಂಗ್ಲ್ 2 ನಿಮಿಷ 32.9 ಸೆಕೆಂಡುಗಳಲ್ಲಿ ಮೂರನೆಯವರಾಗಿಯೂ ಗುರಿ ಮುಟ್ಟಿದರು. ಮೊದಲ ಮೂವರ ನಡುವಿನ ಅಂತರ ಒಂದೇ ಒಂದು ಸೆಕೆಂಡು. ಕಾರೆನ್ ಅವರ ವೇಗದಲ್ಲಿ ಲೆಕ್ಕ ಹಾಕಿದರೆ ಇದು ಮೂರು ಮೀಟರಿಗಿಂತ ತುಸು ಹೆಚ್ಚು. ಐದು ಮೀಟರಿಗೂ ಉದ್ದವಾದ ಆ ದೋಣಿಯ ಒಂದು ಉದ್ದವೂ ಅಲ್ಲ.

ಉಳಿದ ಎಂಟು ಚಿನ್ನಗಳಲ್ಲಿ ನಾಲ್ಕು ಸ್ವೀಡನ್ನಿಗೆ, ಮೂರು ಚೆಕೊಸ್ಲೊವಾಕಿಯಾಕ್ಕೆ, ಒಂದು ಅಮೆರಿಕಕ್ಕೆ ಸಂದವು. ಈ ಕ್ರೀಡೆಯಲ್ಲಿ ಡೆನ್ಮಾರ್ಕಿಗೆ ದೊರೆತ ಮೊದಲ ಒಲಿಂಪಿಕ್ ಚಿನ್ನ ಕಾರೆನ್ ಅವರದು. ಆ ಕೂಟದಲ್ಲಿ ಡೆನ್ಮಾರ್ಕ್ ಗಳಿಸಿದ ಐದು ಚಿನ್ನಗಳಲ್ಲಿ ಮೂರು ಮಹಿಳೆಯರ ಗಳಿಕೆ ಎಂಬುದೂ ಗಮನಾರ್ಹ. ಉಳಿದ ಇಬ್ಬರು ಈಜುಗಾರ್ತಿಯರಾದ ಗ್ರೇಟಾ ಆಂಡರ್ಸನ್ ಮತ್ತು ಕಾರೆನ್ ಹಾರುಪ್. ಹೆಸರಿನ ಸಾಮ್ಯದಿಂದಾಗಿ ಹಾಫ್ ಮತ್ತು ಹಾರುಪ್ ಇಬ್ಬರನ್ನೂ ಒಬ್ಬರೆಂದು ಭಾವಿಸಬಾರದು.

ಜೋಡಿ ಸ್ಪರ್ಧೆಯ ವಿಶ್ವ ಪಟ್ಟ

ಒಲಿಂಪಿಕ್ಸ್‌ನಲ್ಲಿ ಇಲ್ಲದ ಕೆಲವು ಸ್ಪರ್ಧೆಗಳನ್ನು ಅದೇ ವರ್ಷ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಗಿ ನಡೆಸಲಾಯಿತು. ಅವುಗಳಲ್ಲಿ ಮಹಿಳೆಯರ ಇಬ್ಬರ ಕಯಾಕ್ 500 ಮೀಟರ್ ಸ್ಪರ್ಧೆಯೂ ಒಂದು. ಕಾರೆನ್ ಹಾಫ್ ಮತ್ತು ಬೋಡಿಲ್ ಸ್ವೆಂಡ್ಸೆನ್ ಅದರಲ್ಲಿ ವಿಜಯಿಗಳಾದರು.

ಜೋಡಿ ಸ್ಪರ್ಧೆ ಒಂಟಿ ಸ್ಪರ್ಧೆಗಿಂತ ಬೇರೆಯೇ ಆದ ವಿದ್ಯೆ. ಕಯಾಕ್‌ನಲ್ಲಿ ಕುಳಿತವರು ಮುಂದಕ್ಕೆ ಮುಖಮಾಡಿ, ಎರಡು ತುದಿಗಳಲ್ಲೂ ಅಲಗಿರುವ ಹುಟ್ಟನ್ನು ಎಡಕ್ಕೂ ಬಲಕ್ಕೂ ಸರದಿಯಂತೆ ಹಾಕುತ್ತಾರೆ. ಇಬ್ಬರಿದ್ದಾಗ ಮುಂದಿನವರು ಲಯವನ್ನು ನಿಶ್ಚಯಿಸುತ್ತಾರೆ. ಹಿಂದಿನವರು ಆ ಲಯವನ್ನು ಕಣ್ಣಿನಿಂದಲೂ ಮೈಯಿಂದಲೂ ಅರಿತು, ಅದೇ ಕ್ಷಣದಲ್ಲಿ ಹುಟ್ಟನ್ನು ನೀರಿಗಿಳಿಸಿ ಅದೇ ಕ್ಷಣದಲ್ಲಿ ಮೇಲೆತ್ತಬೇಕು. ಇಬ್ಬರ ಹುಟ್ಟುಗಳು ಸ್ವಲ್ಪ ಹಿಂದುಮುಂದಾದರೂ ದೋಣಿ ಓಲಾಡಿ ವೇಗ ಕುಗ್ಗುತ್ತದೆ. ಎಷ್ಟೇ ಬಲಶಾಲಿಯಾದರೂ ಇಲ್ಲಿ ಒಬ್ಬರೇ ಗೆಲ್ಲಲಾರರು. ಒಂದೇ ವರ್ಷದಲ್ಲಿ ಒಂಟಿಯಾಗಿಯೂ ಜೊತೆಗಾರ್ತಿಯೊಂದಿಗೂ ಜಗತ್ತಿನ ಮೊದಲ ಸ್ಥಾನ ಪಡೆದದ್ದರಲ್ಲಿ ಕಾರೆನ್ ಅವರ ನಿಜವಾದ ಹಿರಿಮೆಯಿದೆ. ಆದರೆ ಬೋಡಿಲ್ ಸ್ವೆಂಡ್ಸೆನ್ ಅವರ ಪಾಲಿಗೆ ಆ ಗೆಲುವಿನಿಂದ ಒಲಿಂಪಿಕ್ ಪದಕ ದೊರೆಯಲಿಲ್ಲ.

ಅನಂತರದ ಬೆಳವಣಿಗೆ

ಮಹಿಳೆಯರ ಜೋಡಿ ಕಯಾಕ್ ಒಲಿಂಪಿಕ್ಸ್‌ಗೆ ಸೇರಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಅಲ್ಬಾನೋ ಸರೋವರದ ಮೇಲೆ, ಸೋವಿಯತ್ ಒಕ್ಕೂಟದ ಮರಿಯಾ ಶುಬಿನಾ ಮತ್ತು ಆಂಟೊನಿನಾ ಸೆರೆದಿನಾ ಆ ಸ್ಪರ್ಧೆಯ ಮೊದಲ ಚಿನ್ನವನ್ನು ಪಡೆದರು. ನಾಲ್ವರ ತಂಡದ ಸ್ಪರ್ಧೆ ಬಂದದ್ದು 1984ರ ಲಾಸ್ ಏಂಜಲಿಸ್ ಕೂಟದಲ್ಲಿ. ಅದನ್ನು ರೊಮೇನಿಯಾ ಗೆದ್ದಿತು. ಕಾರೆನ್ ಹಾಫ್ ಇವೆಲ್ಲವೂ ಆಗುವವರೆಗೆ ಬದುಕಿದ್ದರು.

ನಿಧನ

ಕಾರೆನ್ ಹಾಫ್ ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, 2000ನೆಯ ಇಸವಿಯ ಫೆಬ್ರವರಿ 29ರ ಅಧಿಕ ದಿನದಂದು, ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ನಿಧನರಾದರು.