ಹಿಟ್ಟಿನ ತಟ್ಟೆಯಲ್ಲಿ ಅಳೆದ ಮಳೆ

ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಪಾಲಿಗೆ ಮಳೆಯೆಂದರೆ ಕಡತದಲ್ಲಿನ ಮಿಲಿಮೀಟರ್ ಲೆಕ್ಕ. ಒಂದು ತಾಲ್ಲೂಕು ಬರಪೀಡಿತವೋ ಅಲ್ಲವೋ, ರೈತನಿಗೆ ಪರಿಹಾರ ಉಂಟೋ ಇಲ್ಲವೋ ಎಂಬ ತೀರ್ಮಾನದಲ್ಲಿ ಆ ಅಂಕಿಯ ಪಾತ್ರ ದೊಡ್ಡದು. ಇಂದು ಮಳೆಯ ಅಂದಾಜು ಉಪಗ್ರಹದ ರೇಡಾರಿನಿಂದಲೂ ಬರುತ್ತದೆ. ಅದರ ಮೂಲವನ್ನು ಹುಡುಕುತ್ತ ಹೋದ ನನಗೆ ಎದುರಾದವನು ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ಒಬ್ಬ ರೈತ, ವಿಲ್ಸನ್ ಬೆಂಟ್ಲಿ.

1865ರಲ್ಲಿ ಹುಟ್ಟಿದ ಬೆಂಟ್ಲಿಗೆ ಬಾಲ್ಯದಲ್ಲಿ ಮನೆಯಲ್ಲೇ ಪಾಠ ಹೇಳಿದವಳು ತಾಯಿ. ಆಕೆ ಕೊಟ್ಟ ಹಳೆಯ ಸೂಕ್ಷ್ಮದರ್ಶಕ ಹಿಮದ ಹರಳುಗಳ ಗೀಳು ಹತ್ತಿಸಿತು. 1885ರ ಜನವರಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮಹರಳಿನ ಚಿತ್ರ ತೆಗೆದ. ಮುಂದೆ ಅಂಥ ಚಿತ್ರಗಳು ಐದು ಸಾವಿರ ದಾಟಿದವು. ಜಗತ್ತು ಆತನನ್ನು ನೆನೆಯುವುದು ಅದಕ್ಕಾಗಿಯೇ. ನನ್ನ ಎಣಿಕೆಯಲ್ಲಿ ಅದಕ್ಕಿಂತ ಮಿಗಿಲಾದದ್ದು, ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಕೆಲಸ.

1898ರಿಂದ 1904ರವರೆಗೆ ಬೆಂಟ್ಲಿ ಮಳೆಹನಿಗಳನ್ನು ಅಳೆದ. ಸಲಕರಣೆ ಅಡುಗೆಮನೆಯದು. ತಟ್ಟೆಯಲ್ಲಿ ಜರಡಿ ಹಿಡಿದ ನುಣುಪು ಹಿಟ್ಟನ್ನು ಒಂದಂಗುಲ ದಪ್ಪಕ್ಕೆ ಹರವಿ, ಕೆಲವೇ ಕ್ಷಣ ಮಳೆಗೊಡ್ಡುವುದು. ಬಿದ್ದ ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದು ಗುಳಿಗೆ ಕಟ್ಟುತ್ತದೆ; ಒಣಗಿದ ಮೇಲೆ ಅದನ್ನು ಅಳೆಯುವುದು. ಗುಳಿಗೆಯ ಗಾತ್ರವೇ ಹನಿಯ ಗಾತ್ರವೆಂದು ನಂಬುವುದು ಹೇಗೆ? ಗಾತ್ರ ಗೊತ್ತಿದ್ದ ಹನಿಗಳನ್ನು ಎತ್ತರದಿಂದ ಹಿಟ್ಟಿಗೆ ಬೀಳಿಸಿ ಅದನ್ನೂ ಪರೀಕ್ಷಿಸಿಕೊಂಡ. ಹೀಗೆ ಸುಮಾರು 70 ಮಳೆಗಳಿಂದ 344 ಮಾದರಿಗಳು ಕೂಡಿದವು. ಅತಿ ದೊಡ್ಡ ಹನಿಗಳ ವ್ಯಾಸ ಕಾಲು ಅಂಗುಲದಷ್ಟು. 1904ರಲ್ಲಿ ‘ಮಂತ್ಲಿ ವೆದರ್ ರಿವ್ಯೂ’ ಪತ್ರಿಕೆ ಈ ಪ್ರಬಂಧವನ್ನು ಪ್ರಕಟಿಸಿತು. ಅದು ಸುಮಾರು ನಾಲ್ಕು ದಶಕ ಹೆಚ್ಚುಕಡಿಮೆ ಮೂಲೆಗುಂಪಾಗಿತ್ತು.

ಹನಿಯ ಗಾತ್ರಕ್ಕೆ ಬೆಲೆ ತಂದದ್ದು ರೇಡಾರ್. ರೇಡಾರ್ ನೀರನ್ನು ತೂಗುವುದಿಲ್ಲ. ಹನಿಗಳಿಗೆ ತಾಕಿ ಮರಳುವ ತರಂಗದ ಬಲವನ್ನು ಅಳೆಯುತ್ತದೆ. ಹನಿಯ ವ್ಯಾಸ ಇಮ್ಮಡಿಯಾದರೆ ಅದರಲ್ಲಿರುವ ನೀರು 8 ಪಟ್ಟು, ಮರಳುವ ಬಲವೋ 64 ಪಟ್ಟು. ಅಂದರೆ ಎರಡು ಮಿಲಿಮೀಟರಿನ ಒಂದು ಹನಿಯೂ ಒಂದು ಮಿಲಿಮೀಟರಿನ 64 ಹನಿಗಳೂ ರೇಡಾರಿನ ಕಣ್ಣಿಗೆ ಒಂದೇ. ಆದರೆ ಆ 64 ಹನಿಗಳಲ್ಲಿ ಎಂಟು ಪಟ್ಟು ನೀರಿದೆ! ಹನಿಗಳ ಗಾತ್ರ ತಿಳಿಯದೆ ಮಳೆಯ ಲೆಕ್ಕ ಕಟ್ಟುವಂತಿಲ್ಲ. 1948ರಲ್ಲಿ ಮಾರ್ಷಲ್ ಮತ್ತು ಪಾಮರ್ ಗಾತ್ರಗಳ ಹಂಚಿಕೆಗೆ ಸೂತ್ರ ಕೊಟ್ಟರು. 1997ರಲ್ಲಿ ಅಮೆರಿಕ ಮತ್ತು ಜಪಾನ್ ಮೊದಲ ಮಳೆ ರೇಡಾರನ್ನು ಅಂತರಿಕ್ಷಕ್ಕೆ ಕಳುಹಿಸಿದವು. 2014ರಲ್ಲಿ ಹಾರಿದ ಅದರ ಉತ್ತರಾಧಿಕಾರಿ ಎರಡು ಆವರ್ತನಗಳಲ್ಲಿ ನೋಡುತ್ತದೆ. ಹನಿಯ ಗಾತ್ರವನ್ನು ಅಂದಾಜಿಸುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಇಷ್ಟಾದರೂ ನಮ್ಮ ಪಶ್ಚಿಮಘಟ್ಟದಲ್ಲಿ ತಗ್ಗು ಮೋಡಗಳು ಸುರಿಸುವ ಮಳೆಯನ್ನು ಉಪಗ್ರಹಗಳು ಕಡಿಮೆಯೆಂದು ಎಣಿಸುವುದುಂಟು. ಹೋಬಳಿಯ ಮಳೆಮಾಪಕವನ್ನು ಕಿತ್ತೊಗೆಯಲು ಆತುರಪಡಬಾರದೆಂದು ನಾನು ಹೇಳುವುದು ಇದಕ್ಕೇ.

ಬೆಂಟ್ಲಿ ಮದುವೆಯಾಗಲಿಲ್ಲ, ಊರು ಬಿಡಲಿಲ್ಲ. ನೆರೆಹೊರೆಯವರಿಗೆ ಆತ ಒಬ್ಬ ವಿಚಿತ್ರ ಮನುಷ್ಯ. 1924ರಲ್ಲಿ ಅಮೆರಿಕದ ಪವನಶಾಸ್ತ್ರ ಸಂಘ ತನ್ನ ಮೊತ್ತಮೊದಲ ಸಂಶೋಧನಾ ಧನಸಹಾಯವನ್ನು ಆತನಿಗೆ ನೀಡಿತು: 25 ಡಾಲರ್. ಅರ್ಥಶಾಸ್ತ್ರ ಓದಿದ ನನಗೆ ಇಷ್ಟು ಅಗ್ಗದ ಹೂಡಿಕೆ ಬೇರೆ ನೆನಪಾಗದು. 1931ರ ನವೆಂಬರಿನಲ್ಲಿ ಆತನ ಹಿಮಹರಳುಗಳ ಚಿತ್ರಗ್ರಂಥ ಹೊರಬಂತು. ಮರುತಿಂಗಳು ಹಿಮಗಾಳಿಯಲ್ಲಿ ನಡೆದು ಮನೆ ಸೇರಿದ ಬೆಂಟ್ಲಿ ನ್ಯುಮೋನಿಯಾಕ್ಕೆ ತುತ್ತಾಗಿ, ಡಿಸೆಂಬರ್ 23ರಂದು ತನ್ನ ಹೊಲಮನೆಯಲ್ಲೇ ತೀರಿಕೊಂಡ.