ನರ್ತಕ ರಾಮಗೋಪಾಲ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರು ಒಂದೇ ಊರಾಗಿರಲಿಲ್ಲ. ಕೋಟೆ, ಪೇಟೆಗಳನ್ನೊಳಗೊಂಡ ಹಳೆಯ ನಗರವು ಮೈಸೂರು ಅರಸರ ಆಳ್ವಿಕೆಗೆ ಸೇರಿತ್ತು. ಅದರ ಪಕ್ಕದಲ್ಲಿ ಹಬ್ಬಿದ್ದ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿತ್ತು. ಇಂದು ಮನೆಗಳು ಕಿಕ್ಕಿರಿದಿರುವ ಕುರುಬರಹಳ್ಳಿಯಂತಹ ಪಶ್ಚಿಮದ ಊರುಗಳು ಆಗ ನಗರದ ಹೊರಗಿನ ಹಳ್ಳಿಗಳು. ಪೇಟೆಯವರಿಗೆ ಹರಿಕಥೆ, ಸಂಗೀತ ಕಚೇರಿ, ಹಳ್ಳಿಯವರಿಗೆ ಬಯಲಾಟ, ದಂಡಿನವರಿಗೆ ಬ್ಯಾಂಡು ವಾದ್ಯ, ಇಂಗ್ಲಿಷ್ ನಾಟಕ. ಒಂದು ಕಡೆಯ ಸೊಗಸು ಇನ್ನೊಂದು ಕಡೆಗೆ ತಿಳಿಯುತ್ತಿದ್ದುದು ಅಪರೂಪ. ಇಂತಹ ಬೆಂಗಳೂರಿನಲ್ಲಿ 1912ನೆಯ ನವೆಂಬರ್ 20ರಂದು ರಾಮಗೋಪಾಲರು ಜನಿಸಿದರು. ತಂದೆ ರಜಪೂತ ಮನೆತನದ ಬ್ಯಾರಿಸ್ಟರು. ತಾಯಿ ಬರ್ಮಾ ದೇಶದವರು. ಮನೆಯಲ್ಲಿ ಅನುಕೂಲಕ್ಕೆ ಕೊರತೆಯಿರಲಿಲ್ಲ. ಮಗನೂ ತನ್ನಂತೆಯೇ ಗೌರವದ ವೃತ್ತಿಯೊಂದನ್ನು ಹಿಡಿಯಬೇಕೆಂದು ತಂದೆ ಬಯಸಿದ್ದರೆ ಅದು ಸಹಜವೇ. ಆದರೆ ಮಗನ ಮನಸ್ಸು ಬಾಲ್ಯದಿಂದಲೂ ನೃತ್ಯದ ಕಡೆಗೆ ಹರಿಯಿತು.

ಆ ಕಾಲದಲ್ಲಿ ನೃತ್ಯಕ್ಕೆ ಸಮಾಜದಲ್ಲಿದ್ದ ಸ್ಥಾನವನ್ನು ತಿಳಿಯದಿದ್ದರೆ ಈ ಒಲವಿನ ಬೆಲೆ ನಮಗೆ ಅರ್ಥವಾಗದು. ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಒಂದು ಅನಿಷ್ಟ ಪದ್ಧತಿಯನ್ನು ತೊಡೆದುಹಾಕುವ ಭರದಲ್ಲಿ ಸುಶಿಕ್ಷಿತರು ಆ ಸ್ತ್ರೀಯರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದ ಕಲೆಯನ್ನೂ ಹೀನವೆಂದು ಬಗೆದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದೇ ಅವಮಾನವೆನಿಸಿದ್ದಾಗ ಬ್ಯಾರಿಸ್ಟರರ ಮಗನೊಬ್ಬ ಕುಣಿಯುವುದೆಂದರೆ ಹೇಳುವುದೇನು! ನಮ್ಮ ಯಕ್ಷಗಾನದಲ್ಲಿಯೂ ಮೂಡಲಪಾಯದಲ್ಲಿಯೂ ಗಂಡಸರೇ ಕುಣಿಯುತ್ತಿದ್ದರೆಂಬುದು ಆ ವಿದ್ಯಾವಂತರ ನೆನಪಿಗೆ ಬಂದಂತೆ ತೋರುವುದಿಲ್ಲ.

ತಂದೆಯ ವಿರೋಧವು ಬಲವಾಗಿಯೇ ಇತ್ತು. ಆಗ ಬಾಲಕನ ನೆರವಿಗೆ ಬಂದವರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮಂದಿರಾದ ಇವರು ಕಲಾಭಿಮಾನಿಗಳು. ಹುಡುಗನಲ್ಲಿದ್ದ ಪ್ರತಿಭೆಯನ್ನು ಅವರು ಗುರುತಿಸಿ ಪ್ರೋತ್ಸಾಹಿಸಿದರು. ಅರಮನೆಯ ಮೆಚ್ಚುಗೆ ದೊರೆತ ಮೇಲೆ ಮನೆಯವರ ಮಾತು ತಾನಾಗಿಯೇ ಮೆತ್ತಗಾಯಿತು.

ಪ್ರತಿಭೆಯಿದ್ದ ಮಾತ್ರಕ್ಕೆ ನರ್ತಕನಾಗಲಾರನೆಂಬುದನ್ನು ರಾಮಗೋಪಾಲರು ಬಹು ಬೇಗ ಅರಿತರು. ಅವರು ಮಲೆಯಾಳ ನಾಡಿಗೆ ಹೋಗಿ ಕುಂಜು ಕುರುಪ್ ಮೊದಲಾದವರಲ್ಲಿ ಕಥಕಳಿಯನ್ನು ಕಲಿತರು. ಕಥಕಳಿಯ ಶಿಕ್ಷಣವೆಂದರೆ ಮೈಯನ್ನು ಮುರಿದು ಕಟ್ಟುವ ಕೆಲಸ. ಬೆಳಗಾಗುವ ಮೊದಲೇ ಎದ್ದು ಮೈಗೆಲ್ಲ ಎಣ್ಣೆ ಹಚ್ಚಿ, ಗುರುವು ಕಾಲಿನಿಂದ ತಿಕ್ಕಿ ನೀವುವಾಗ ಹಲ್ಲು ಕಚ್ಚಿ ಮಲಗಿರಬೇಕು. ಕಣ್ಣು, ಹುಬ್ಬು, ಕೆನ್ನೆಗಳಿಗೂ ಬೇರೆ ಬೇರೆ ಸಾಧನೆಯುಂಟು. ಮುಂದೆ ಅವರು ತಂಜಾವೂರು ಸೀಮೆಯ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಅಭ್ಯಾಸ ಮಾಡಿದರು. ಪಿಳ್ಳೆಯವರು ಹೆಸರಾಂತ ತಂಜಾವೂರು ಸಹೋದರರ ವಂಶಸ್ಥರು. ಆ ನಾಲ್ವರು ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಆಸ್ಥಾನದಲ್ಲಿದ್ದರು. ಹೀಗೆ ಮೈಸೂರು ಸೀಮೆಗೆ ಹಿಂದೆ ಬಂದಿದ್ದ ವಿದ್ಯೆಯನ್ನೇ ಈ ಬೆಂಗಳೂರಿನ ತರುಣ ಕಾವೇರಿಯ ಕೆಳದಂಡೆಗೆ ಹೋಗಿ ಕಲಿತಂತಾಯಿತು. ಇದರೊಡನೆ ಉತ್ತರದ ಕಥಕ್ ನೃತ್ಯವನ್ನೂ ಅವರು ಕಲಿತರು. ಒಂದು ಪದ್ಧತಿಯನ್ನು ಕರಗತ ಮಾಡಿಕೊಳ್ಳಲು ಒಂದು ಜನ್ಮ ಸಾಲದೆನ್ನುವ ಕಲೆಯಲ್ಲಿ ಮೂರನ್ನು ಹಿಡಿದುದು ಸಾಹಸವೇ ಸರಿ.

ಲಾ ಮೆರಿ ಎಂಬ ಹೆಸರಿನ ಅಮೆರಿಕದ ನರ್ತಕಿಯೊಬ್ಬರು ದೇಶದೇಶಗಳ ನೃತ್ಯಗಳನ್ನು ಕಲಿತು ಪ್ರದರ್ಶಿಸುತ್ತಿದ್ದರು. ಅವರು ಭಾರತಕ್ಕೆ ಬಂದಾಗ ರಾಮಗೋಪಾಲರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. 1936-37ರಲ್ಲಿ ಅವರೊಡನೆ ಪೂರ್ವದೇಶಗಳನ್ನು ಸುತ್ತುತ್ತ ರಾಮಗೋಪಾಲರು ಜಪಾನನ್ನು ಮುಟ್ಟಿದರು. ಅಲ್ಲಿ ಅವರಿಬ್ಬರ ದಾರಿಗಳು ಬೇರೆಯಾದವು. ಇಪ್ಪತ್ತೈದರ ಆಸುಪಾಸಿನ ತರುಣ, ಪರದೇಶ. ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ರಾಮಗೋಪಾಲರು ಹಿಂದಿರುಗಲಿಲ್ಲ. ಅಲೆಕ್ಸಾಂಡರ್ ಯಾಂತಾ ಎಂಬ ಪೋಲೆಂಡಿನ ಲೇಖಕರ ನೆರವಿನಿಂದ ಅವರು ಶಾಂತಸಾಗರವನ್ನು ದಾಟಿ ಅಮೆರಿಕವನ್ನು ಸೇರಿದರು. 1938ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಅವರು ನರ್ತಿಸಿದರು. ಮರುವರ್ಷ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಅವರ ಪ್ರದರ್ಶನಗಳು ನಡೆದವು.

ಆ ಪ್ರದರ್ಶನಗಳಲ್ಲಿ ಪ್ರೇಕ್ಷಕರನ್ನು ಬೆರಗುಗೊಳಿಸಿದ್ದೇನು? ಶಿವನ ನೃತ್ಯ ಅವುಗಳಲ್ಲೊಂದು. ಹೊನ್ನಿನ ರೆಕ್ಕೆಗಳನ್ನು ಧರಿಸಿ ಮಾಡುತ್ತಿದ್ದ ಗರುಡನೃತ್ಯ ಮತ್ತೊಂದು. ನೀಳವಾದ ನಿಲುವು, ತಿದ್ದಿ ತೀಡಿದಂತಹ ಮುಖ, ಕಣ್ಣು ಕೋರೈಸುವ ಆಭರಣ, ಹದವರಿತ ಬೆಳಕಿನ ಯೋಜನೆ ಇವೆಲ್ಲವೂ ಕೂಡಿ ಪರದೇಶದ ಜನರಿಗೆ ದೇವಾಲಯದ ಶಿಲ್ಪವೊಂದು ಜೀವ ತಳೆದಂತೆ ಕಂಡಿತು. ರಷ್ಯನ್ ಬ್ಯಾಲೆಯ ಜಗತ್ಪ್ರಸಿದ್ಧ ನರ್ತಕ ನಿಜಿನ್‌ಸ್ಕಿಯೊಡನೆ ಪತ್ರಿಕೆಗಳು ಅವರನ್ನು ಹೋಲಿಸಿದವು. ದೀರ್ಘವಾಗಿ ನಡೆಯುವ ನಮ್ಮ ನೃತ್ಯಬಂಧಗಳನ್ನು ಕೆಲವೇ ನಿಮಿಷಗಳಿಗೆ ಇಳಿಸಿ ಅವರು ರಂಗಕ್ಕೆ ತರುತ್ತಿದ್ದರು. ಇದರಿಂದ ಶಾಸ್ತ್ರದ ಸಾರವು ಸೋರಿಹೋಗುವುದೆಂಬ ಆಕ್ಷೇಪಣೆಗೆ ಅವಕಾಶವುಂಟು, ಅದನ್ನು ಪೂರ್ತಿಯಾಗಿ ತಳ್ಳಿಹಾಕಲೂ ಆಗದು. ಆದರೆ ಭಾಷೆ, ಪುರಾಣ, ತಾಳ ಒಂದೂ ತಿಳಿಯದ ಪ್ರೇಕ್ಷಕರ ಮುಂದೆ ಗಂಟೆಗಟ್ಟಲೆ ವರ್ಣವನ್ನು ವಿಸ್ತರಿಸಿದ್ದರೆ ಕೇಳುವವರು ಯಾರು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮಗೋಪಾಲರು ಭಾರತದಲ್ಲಿದ್ದರು. ಬೆಂಗಳೂರಿನಲ್ಲಿ ನೃತ್ಯಶಾಲೆಯನ್ನು ತೆರೆದು, ತಂಡವನ್ನು ಕಟ್ಟಿದರು. ಆ ದಿನಗಳಲ್ಲಿ ಅವರೊಡನೆ ನರ್ತಿಸಿದವರಲ್ಲಿ ಮೃಣಾಲಿನಿಯವರು ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆಯಲ್ಲಿ ತೊಡಗಿದ್ದ ವಿಕ್ರಮ್ ಸಾರಾಭಾಯಿ ಅವರನ್ನು 1942ರಲ್ಲಿ ವಿವಾಹವಾಗಿ, ಮುಂದೆ ಅಹಮದಾಬಾದಿನಲ್ಲಿ ದರ್ಪಣ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಕಥಕ್ ನೃತ್ಯಕ್ಕೆ ಹೊಸ ರೂಪ ಕೊಟ್ಟ ಕುಮುದಿನಿ ಲಾಖಿಯಾ ಅವರೂ ಎಳವೆಯಲ್ಲಿ ರಾಮಗೋಪಾಲರ ತಂಡದೊಡನೆ ವಿದೇಶಗಳನ್ನು ಸುತ್ತಿದವರು. 1948ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಂತರರಾಷ್ಟ್ರೀಯ ನೃತ್ಯೋತ್ಸವಕ್ಕೆ ಪ್ಯಾರಿಸ್ಸಿನ ಒಪೇರಾ ಬ್ಯಾಲೆಯಂತಹ ತಂಡ ಬಂದಿತ್ತು. ಸ್ವತಂತ್ರ ಭಾರತದ ನೃತ್ಯವನ್ನು ಅಲ್ಲಿ ಮೆರೆಸಿದವರು ರಾಮಗೋಪಾಲರು. 1956ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ತಾಜಮಹಲಿನ ಕಥೆಯನ್ನು ನೃತ್ಯನಾಟಕವಾಗಿ ಪ್ರದರ್ಶಿಸಿದರು. ಮರುವರ್ಷ ಅವರ ಆತ್ಮಕಥೆಯು ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಅವರ ಜೀವನದ ಅತ್ಯಂತ ಕುತೂಹಲಕರವಾದ ಪ್ರಯೋಗ ನಡೆದದ್ದು 1960ರಲ್ಲಿ. ಇಂಗ್ಲೆಂಡಿನ ಬ್ಯಾಲೆಯ ಅಗ್ರನರ್ತಕಿಯಾಗಿದ್ದ ಅಲಿಸಿಯಾ ಮಾರ್ಕೋವಾ ಅವರೊಡನೆ ರಾಮಗೋಪಾಲರು ರಾಧಾಕೃಷ್ಣರ ಕಥೆಯನ್ನು ರಂಗಕ್ಕೆ ತಂದರು. ಮಾರ್ಕೋವಾ ಹದಿನಾಲ್ಕರ ಪ್ರಾಯದಲ್ಲಿಯೇ ರಷ್ಯನ್ ಬ್ಯಾಲೆ ತಂಡವನ್ನು ಸೇರಿ ಕೀರ್ತಿಯ ಶಿಖರವನ್ನೇರಿದವರು. ಇದಕ್ಕೆ ಮೊದಲು, 1923ರಲ್ಲಿ, ರಷ್ಯದ ಆನ್ನಾ ಪಾವ್ಲೋವಾ ರಾಧೆಯಾಗಿ, ನಮ್ಮ ಉದಯಶಂಕರರು ಕೃಷ್ಣನಾಗಿ ಲಂಡನ್ನಿನಲ್ಲಿ ನರ್ತಿಸಿದ್ದರು. ಆದರೆ ಉದಯಶಂಕರರು ಆಗ ಶಾಸ್ತ್ರೀಯ ನೃತ್ಯವನ್ನು ಕ್ರಮವಾಗಿ ಕಲಿತವರಾಗಿರಲಿಲ್ಲ. 1960ರಲ್ಲಿಯಾದರೋ ಎರಡು ಪರಿಪಕ್ವ ಸಂಪ್ರದಾಯಗಳು ಎದುರುಬದುರಾದವು.

ಅವುಗಳ ಅಂತರವು ಸಾಮಾನ್ಯವಾದುದಲ್ಲ. ಬ್ಯಾಲೆಯ ನರ್ತಕಿಯು ಬಿಗಿಯಾದ ಪಾದರಕ್ಷೆಯನ್ನು ತೊಟ್ಟು ಕಾಲ್ಬೆರಳುಗಳ ತುದಿಯ ಮೇಲೆ ನಿಲ್ಲುತ್ತಾಳೆ. ಮೊಣಕಾಲನ್ನು ನೇರವಾಗಿ ಸೆಟೆಸಿ, ಭೂಮಿಯ ಹಂಗೇ ಇಲ್ಲವೆಂಬಂತೆ ಮೇಲಕ್ಕೆ ಜಿಗಿಯುತ್ತಾಳೆ. ಭರತನಾಟ್ಯದಲ್ಲಿ ಅರೆಮಂಡಿಯೇ ಆಧಾರ. ಬರಿಗಾಲಿನ ಪಾದವು ನೆಲವನ್ನು ಬಲವಾಗಿ ತಟ್ಟಬೇಕು. ಆ ತಟ್ಟಿಗೆ ನೂರಾರು ಗೆಜ್ಜೆಗಳು ತಾಳ ತಪ್ಪದೆ ಉಲಿಯಬೇಕು. ಅಲ್ಲಿ ಕೈಯು ದೇಹದ ರೇಖೆಯನ್ನು ಮುಂದುವರಿಸಿದರೆ, ಇಲ್ಲಿ ಹಸ್ತವೇ ಮಾತಾಡುತ್ತದೆ: ಒಂದೇ ಪತಾಕ ಹಸ್ತವು ಮೋಡವೂ ಆಗಬಹುದು, ನದಿಯೂ ಆಗಬಹುದು. ಜೀವಮಾನವೆಲ್ಲ ಒಂದು ರೀತಿಯಲ್ಲಿ ಪಳಗಿದ ಮೈಯನ್ನು, ಐವತ್ತರ ಸಮೀಪದಲ್ಲಿ ಇನ್ನೊಂದು ರೀತಿಗೆ ಬಾಗಿಸಲು ಮಾರ್ಕೋವಾ ಒಪ್ಪಿದರು. ಅಗ್ರನರ್ತಕಿಯ ಪಟ್ಟವನ್ನೇರಿದವರು ಮತ್ತೆ ವಿದ್ಯಾರ್ಥಿನಿಯಾದರು. ಈ ಪ್ರಯೋಗವು ಮುಂದೆ ಹೆಚ್ಚು ಬೆಳೆಯಲಿಲ್ಲವಾದರೂ ರಾಮಗೋಪಾಲರು ಗಳಿಸಿದ್ದ ಗೌರವವೆಷ್ಟೆಂಬುದನ್ನು ಅಳೆಯಲು ಇದೊಂದೇ ಸಾಕು.

ನರ್ತಕನ ಸಂಪತ್ತೆಲ್ಲ ಅವನ ಶರೀರದಲ್ಲಿರುತ್ತದೆ. ಕವಿಯ ಕಾವ್ಯ, ಶಿಲ್ಪಿಯ ವಿಗ್ರಹಗಳಂತೆ ಅದು ಬೇರೆಡೆ ನಿಲ್ಲದು. ಶಿಷ್ಯರ ಮೈಯಲ್ಲಿ ನೆಲೆಸಬೇಕು. ಈ ಭಾಗ್ಯ ರಾಮಗೋಪಾಲರಿಗೆ ಹೆಚ್ಚಾಗಿ ಒದಗಲಿಲ್ಲ. ಲಂಡನ್ನಿನಲ್ಲಿ ಅವರು ತೆರೆದ ನೃತ್ಯಶಾಲೆಯು ಬಹುಕಾಲ ನಡೆಯಲಿಲ್ಲ. ಅದೇ 1912ರಲ್ಲಿ ಹುಟ್ಟಿ, ಅದೇ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತ ಯು. ಎಸ್. ಕೃಷ್ಣರಾಯರು ಬೆಂಗಳೂರಿನಲ್ಲಿಯೇ ಉಳಿದರು. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತ, ಪತ್ನಿ ಚಂದ್ರಭಾಗಾದೇವಿಯವರೊಡನೆ ನರ್ತಿಸುತ್ತ, ಅನೇಕ ಶಿಷ್ಯರನ್ನು ತಯಾರಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗಕ್ಕೆ ಮುಖ್ಯಸ್ಥರಾದರು. ಆದ್ದರಿಂದ ಈ ಊರಿನ ನೃತ್ಯಶಾಲೆಗಳಲ್ಲಿ ಕೃಷ್ಣರಾಯರ ಹೆಸರು ಬಳಕೆಯಲ್ಲಿ ಉಳಿಯಿತು. ಲೋಕವನ್ನೆಲ್ಲ ಸುತ್ತಿದ ರಾಮಗೋಪಾಲರ ಹೆಸರು ಮೆಲ್ಲಮೆಲ್ಲನೆ ಮರೆಯಾಯಿತು.

ಕಡೆಗಾಲದಲ್ಲಿ ಮನ್ನಣೆಗಳೇನೋ ಬಂದವು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಅವರನ್ನು ತನ್ನ ಫೆಲೋ ಆಗಿ ಆರಿಸಿತು. 1999ರಲ್ಲಿ ಬ್ರಿಟಿಷ್ ಸರ್ಕಾರವು ಓ. ಬಿ. ಇ. ಗೌರವವನ್ನು ನೀಡಿತು. ಆ ವೇಳೆಗೆ ಅವರ ನೃತ್ಯವನ್ನು ಕಣ್ಣಾರೆ ಕಂಡವರು ವಿರಳವಾಗಿದ್ದರು. 2003ನೆಯ ಅಕ್ಟೋಬರ್ 12ರಂದು, ತೊಂಬತ್ತರ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಅವರು ನಿಧನರಾದರು. 1938ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ವಾನ್ ವೆಕ್ಟನ್ ಎಂಬ ಛಾಯಾಗ್ರಾಹಕರು ತೆಗೆದ ಅವರ ಭಾವಚಿತ್ರಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ತಂದೆಯ ಮನಸ್ಸನ್ನು ನೋಯಿಸಿ ಗೆಜ್ಜೆ ಕಟ್ಟಿದ ಬೆಂಗಳೂರಿನ ಹುಡುಗ ಅವುಗಳಲ್ಲಿ ಇನ್ನೂ ತರುಣನಾಗಿಯೇ ಇದ್ದಾನೆ.