ಪಿಯರಿ ಕ್ಯೂರಿ (1859–1906): ಹರಳಿನ ಒತ್ತಡದಲ್ಲಿ ವಿದ್ಯುತ್ತನ್ನು ಕಂಡ ವಿಜ್ಞಾನಿ

ಪಿಯರಿ ಕ್ಯೂರಿ ಎಂದೊಡನೆ ರೇಡಿಯಂ ನೆನಪಿಗೆ ಬರುತ್ತದೆ. ಆದರೆ ರೇಡಿಯಂ ಪತ್ತೆಯಾಗುವುದಕ್ಕೆ ಹದಿನೆಂಟು ವರ್ಷಗಳ ಮೊದಲೇ ಅವರು ತಮ್ಮ ಅಣ್ಣನೊಡನೆ ಮತ್ತೊಂದು ಮಹತ್ವದ ಶೋಧವನ್ನು ಮಾಡಿದ್ದರು. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುತ್ ಕಾಣಿಸಿಕೊಳ್ಳುತ್ತದೆ ಎಂಬುದೇ ಆ ಶೋಧ. ಪೀಜೋವಿದ್ಯುತ್ ಪರಿಣಾಮ ಎಂದು ಹೆಸರಾದ ಈ ವಿದ್ಯಮಾನವು ಇಂದು ಕೈಗಡಿಯಾರ, ಮೊಬೈಲ್ ದೂರವಾಣಿ ಮತ್ತು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳೊಳಗಿನ ಸೂಕ್ಷ್ಮ ಸಾಧನಗಳಿಗೆ ಆಧಾರವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಪಿಯರಿ ಕ್ಯೂರಿಯವರು 1859ರ ಮೇ 15ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಯೂಜೀನ್ ಕ್ಯೂರಿ ವೈದ್ಯರು. ಮಗನ ಮನಸ್ಸು ನಿಧಾನವಾಗಿ, ಆದರೆ ಒಂದೇ ವಿಷಯದಲ್ಲಿ ಆಳವಾಗಿ ತೊಡಗುವಂಥದೆಂದು ಅರಿತ ಅವರು ಬಾಲಕನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಶಿಕ್ಷಣ ಕೊಡಿಸಿದರು. ಪಿಯರಿ ಹದಿನಾರನೆಯ ವಯಸ್ಸಿಗೆ ವಿಶ್ವವಿದ್ಯಾಲಯ ಪ್ರವೇಶದ ಅರ್ಹತೆಯನ್ನೂ ಹದಿನೆಂಟನೆಯ ವಯಸ್ಸಿಗೆ ವಿಜ್ಞಾನ ಪದವಿಯನ್ನೂ ಪಡೆದರು. ಮುಂದಿನ ವ್ಯಾಸಂಗಕ್ಕೆ ಹಣವಿರಲಿಲ್ಲ. ಆದ್ದರಿಂದ 1878ರಲ್ಲಿ ಸಾರ್ಬಾನ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಸೇರಿದರು. ಅಣ್ಣ ಜಾಕ್ ಅದೇ ವಿಶ್ವವಿದ್ಯಾಲಯದ ಖನಿಜವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು.

ಸೋದರರ ಸಂಶೋಧನೆ

ಟೂರ್ಮಲಿನ್ ಎಂಬ ಹರಳನ್ನು ಕಾಯಿಸಿದರೆ ಅದರ ಎರಡು ತುದಿಗಳಲ್ಲಿ ವಿರುದ್ಧ ವಿದ್ಯುದಾವೇಶಗಳು ಮೂಡುತ್ತವೆ ಎಂಬ ಸಂಗತಿ ಆ ಕಾಲಕ್ಕೆ ತಿಳಿದಿತ್ತು. ಕಾಯಿಸಿದಾಗ ಹರಳು ಹಿಗ್ಗುತ್ತದೆ. ಹಾಗಿದ್ದಲ್ಲಿ ಹರಳನ್ನು ಕಾಯಿಸದೆ ಕೇವಲ ಒತ್ತಿದರೂ ವಿದ್ಯುತ್ ಬರಬೇಕಲ್ಲವೇ ಎಂದು ಸೋದರರು ಯೋಚಿಸಿದರು. ಯಾವ ಹರಳಿನಲ್ಲಿ, ಯಾವ ದಿಕ್ಕಿನಲ್ಲಿ ಒತ್ತಬೇಕೆಂಬುದನ್ನು ಅವರು ಊಹೆಗೆ ಬಿಡಲಿಲ್ಲ. ಹರಳಿನೊಳಗಿನ ಜೋಡಣೆಯ ಸಮಮಿತಿಯೇ ಅವರಿಗೆ ದಾರಿ ತೋರಿಸಿತು. ಎಲ್ಲ ದಿಕ್ಕುಗಳಲ್ಲಿಯೂ ಎದುರುಬದುರು ಸಮನಾಗಿರುವ ಹರಳನ್ನು ಒತ್ತಿದರೆ ಧನ ಮತ್ತು ಋಣ ಆವೇಶಗಳ ಕೇಂದ್ರಗಳು ಒಂದೆಡೆಯೇ ಉಳಿಯುತ್ತವೆ. ಅಂತಹ ಸಮಮಿತಿಯಿಲ್ಲದ ಹರಳಿನಲ್ಲಿ ಅವು ಪರಸ್ಪರ ತುಸು ಸರಿದು, ಮುಖಗಳ ಮೇಲೆ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ಹರಳುಗಳ 32 ವರ್ಗಗಳಲ್ಲಿ 20 ವರ್ಗಗಳಿಗೆ ಮಾತ್ರ ಈ ಗುಣವಿದೆ.

ಪ್ರಯೋಗದ ಸಾಮಗ್ರಿ ಸರಳವಾಗಿತ್ತು. ಹರಳಿನ ತುಂಡಿನ ಎರಡು ಮುಖಗಳಿಗೆ ತವರದ ಹಾಳೆಯನ್ನು ಹೊಂದಿಸಿ, ಅದನ್ನು ಇಕ್ಕಳದ ನಡುವೆ ಒತ್ತಿ, ಹಾಳೆಗಳಿಂದ ತಂತಿಯನ್ನು ವಿದ್ಯುನ್ಮಾಪಕಕ್ಕೆ ಜೋಡಿಸಲಾಯಿತು. ಟೂರ್ಮಲಿನ್, ಕ್ವಾರ್ಟ್ಸ್, ಪುಷ್ಯರಾಗ, ರೋಶೆಲ್ ಲವಣ, ಕೊನೆಗೆ ಕಬ್ಬಿನ ಸಕ್ಕರೆಯ ಹರಳಿನಲ್ಲಿಯೂ ಈ ಪರಿಣಾಮ ಕಂಡುಬಂದಿತು. ಒತ್ತಡವನ್ನು ಇಮ್ಮಡಿಗೊಳಿಸಿದರೆ ಆವೇಶವೂ ಇಮ್ಮಡಿಯಾಗುತ್ತಿತ್ತು. ಒತ್ತುವ ಬದಲು ಎಳೆದರೆ ಧನವು ಋಣವಾಗುತ್ತಿತ್ತು. 1880ರಲ್ಲಿ ಈ ಫಲಿತಾಂಶಗಳನ್ನು ಪ್ರಕಟಿಸಿದಾಗ ಪಿಯರಿಯವರ ವಯಸ್ಸು 21. ಮರುವರ್ಷ ಜರ್ಮನಿಯ ವಿಲ್ಹೆಲ್ಮ್ ಹ್ಯಾಂಕೆಲ್ ಅವರು ಒತ್ತುವುದು ಎಂಬ ಅರ್ಥದ ಗ್ರೀಕ್ ಪದದಿಂದ ಈ ವಿದ್ಯಮಾನಕ್ಕೆ ಹೆಸರನ್ನು ಸೂಚಿಸಿದರು.

ಹಿಮ್ಮುಖ ಪರಿಣಾಮ

1881ರಲ್ಲಿ ಗೇಬ್ರಿಯಲ್ ಲಿಪ್‌ಮನ್ ಅವರು ಶಕ್ತಿಯ ನಿಯಮಗಳ ಆಧಾರದ ಮೇಲೆ ಒಂದು ವಿಷಯವನ್ನು ಮುಂದಿಟ್ಟರು. ಒತ್ತಡವು ವಿದ್ಯುತ್ತಾಗುವುದಾದರೆ ವಿದ್ಯುತ್ತು ಕೂಡ ಹರಳಿನ ಆಕಾರವನ್ನು ಬದಲಿಸಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತು. ಕ್ಯೂರಿ ಸೋದರರು ಅದೇ ವರ್ಷ ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಇದು ಸುಲಭದ ಕೆಲಸವಾಗಿರಲಿಲ್ಲ. ಕ್ವಾರ್ಟ್ಸ್ ಹರಳಿಗೆ ಒಂದು ವೋಲ್ಟ್ ನೀಡಿದರೆ ಅದರ ದಪ್ಪದಲ್ಲಿ ಆಗುವ ವ್ಯತ್ಯಾಸ ಒಂದು ಮೀಟರಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು 2.3 ಭಾಗ ಮಾತ್ರ. ಇದು ಒಂದು ಪರಮಾಣುವಿನ ಗಾತ್ರಕ್ಕಿಂತಲೂ ಬಹಳ ಕಡಿಮೆ. ಗಮನಾರ್ಹವೆಂದರೆ, ಒಂದು ನ್ಯೂಟನ್ ಬಲಕ್ಕೆ, ಅಂದರೆ ಸುಮಾರು 100 ಗ್ರಾಂ ತೂಕಕ್ಕೆ, ಅದೇ ಹರಳು ನೀಡುವ ಆವೇಶವೂ ಒಂದು ಕೂಲಂಬಿನ ಲಕ್ಷ ಕೋಟಿ ಭಾಗಗಳಲ್ಲಿ ಅಷ್ಟೇ 2.3 ಭಾಗ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಂಖ್ಯೆ ಅನ್ವಯಿಸುತ್ತದೆ. ಬಲವನ್ನು ಅರಿಯುವ ಸಂವೇದಕವಾಗಿಯೂ, ಚಲನೆಯನ್ನು ಉಂಟುಮಾಡುವ ಚಾಲಕವಾಗಿಯೂ ಒಂದೇ ಹರಳು ಕೆಲಸ ಮಾಡಬಲ್ಲುದೆಂಬುದಕ್ಕೆ ಇದೇ ಕಾರಣ.

ಕ್ವಾರ್ಟ್ಸ್ ತಕ್ಕಡಿ

ಈ ಶೋಧದಿಂದ ಸೋದರರು ಒಂದು ಉಪಕರಣವನ್ನು ರೂಪಿಸಿದರು. ಉದ್ದನೆಯ ತೆಳುವಾದ ಕ್ವಾರ್ಟ್ಸ್ ಪಟ್ಟಿಗೆ ಒಂದು ತಟ್ಟೆಯನ್ನು ತೂಗುಹಾಕಿ, ಅದರಲ್ಲಿ ಗೊತ್ತಾದ ತೂಕವನ್ನಿಟ್ಟರೆ ಗೊತ್ತಾದ ಪ್ರಮಾಣದ ವಿದ್ಯುದಾವೇಶ ದೊರೆಯುತ್ತಿತ್ತು. ಅತಿ ಕ್ಷೀಣವಾದ ವಿದ್ಯುತ್ ಪ್ರವಾಹವನ್ನು ಈ ಆವೇಶದಿಂದ ಸರಿದೂಗಿಸಿ, ಅದಕ್ಕೆ ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡಿ ಪ್ರವಾಹವನ್ನು ಅಳೆಯಬಹುದಾಗಿತ್ತು. ಆದರೆ ಅದಕ್ಕೆ ತಕ್ಕ ಕೆಲಸ ಆಗ ಹೆಚ್ಚಾಗಿ ಇರಲಿಲ್ಲ. 1882ರಲ್ಲಿ ಪಿಯರಿ ಪ್ಯಾರಿಸ್ಸಿನಲ್ಲಿ ಹೊಸದಾಗಿ ಪ್ರಾರಂಭವಾದ ನಗರಸಭೆಯ ಕೈಗಾರಿಕಾ ಭೌತ ಮತ್ತು ರಸಾಯನವಿಜ್ಞಾನ ಶಾಲೆಯನ್ನು ಸೇರಿದರು. 1883ರಲ್ಲಿ ಜಾಕ್ ಮಾಂಟ್‌ಪೆಲಿಯೆ ನಗರಕ್ಕೆ ತೆರಳಿದರು. ಸೋದರರ ಜಂಟಿ ಸಂಶೋಧನೆ ಅಲ್ಲಿಗೆ ನಿಂತಿತು.

ಮುಂದಿನ 22 ವರ್ಷಗಳನ್ನು ಪಿಯರಿ ಅದೇ ಶಾಲೆಯಲ್ಲಿ ಕಳೆದರು. ಬೋಧನೆಯ ಹೊರೆ ಹೆಚ್ಚು, ಸ್ವಂತ ಪ್ರಯೋಗಾಲಯವಿಲ್ಲ. ಆದರೂ 1894ರಲ್ಲಿ ಸಮಮಿತಿಯ ತತ್ತ್ವವನ್ನು ಮಂಡಿಸಿದರು. 1895ರಲ್ಲಿ ಕಾಂತತ್ವವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ನಿರ್ದಿಷ್ಟ ತಾಪದ ಮೇಲೆ ಕಬ್ಬಿಣವು ತನ್ನ ಪ್ರಬಲ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಆ ತಾಪಕ್ಕೆ ಅವರ ಹೆಸರೇ ಉಳಿದಿದೆ.

ಮೇರಿ ಕ್ಯೂರಿ ಮತ್ತು ರೇಡಿಯಂ

1895ರ ಜುಲೈ 26ರಂದು ಪಿಯರಿ ಪೋಲೆಂಡಿನ ಮೇರಿ ಸ್ಕ್ಲೊಡೋವ್ಸ್ಕ ಅವರನ್ನು ವಿವಾಹವಾದರು. 1897ರ ಕೊನೆಯಲ್ಲಿ ಮೇರಿ ಯುರೇನಿಯಂ ಹೊರಸೂಸುವ ಕಿರಣಗಳ ಅಧ್ಯಯನಕ್ಕೆ ತೊಡಗಿದರು. ಆ ಕಿರಣಗಳು ಗಾಳಿಯಲ್ಲಿ ಉಂಟುಮಾಡುವ ಪ್ರವಾಹವು ಒಂದು ಆಂಪಿಯರಿನ ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಹತ್ತು ಭಾಗಗಳಷ್ಟಿತ್ತು. ಅದನ್ನು ಅಳೆಯಲು ಕ್ವಾರ್ಟ್ಸ್ ತಕ್ಕಡಿ ನೆರವಾಯಿತು. ಪಿಚ್‌ಬ್ಲೆಂಡ್ ಎಂಬ ಅದಿರು ಯುರೇನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಪ್ರಬಲವೆಂದು ಅಳತೆ ತೋರಿಸಿದಾಗ, ಅದರಲ್ಲಿ ಅಪರಿಚಿತ ಧಾತುವಿದೆಯೆಂದು ಮೇರಿ ಅರಿತರು. ಪಿಯರಿ ಹರಳುಗಳ ಅಧ್ಯಯನವನ್ನು ಬದಿಗಿಟ್ಟು ಪತ್ನಿಯ ಸಂಶೋಧನೆಗೆ ಜೊತೆಯಾದರು. 1898ರ ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ ಪ್ರಕಟವಾದವು. ಮಾಡು ಸೋರುತ್ತಿದ್ದ ಒಂದು ಹಳೆಯ ಕೊಟ್ಟಿಗೆಯಲ್ಲಿ ಮುಂದಿನ ಶುದ್ಧೀಕರಣ ಕಾರ್ಯ ನಡೆಯಿತು. ಅದರ ವಿಧಾನಕ್ಕೆ ದಂಪತಿಗಳು ಪೇಟೆಂಟ್ ಪಡೆಯಲಿಲ್ಲ.

ಗೌರವಗಳು ಮತ್ತು ಅಕಾಲ ಮರಣ

1903ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಗೆ ಮೊದಲು ಬೆಕರೆಲ್ ಮತ್ತು ಪಿಯರಿ ಅವರನ್ನು ಮಾತ್ರ ಪರಿಗಣಿಸಲಾಗಿತ್ತು. ಮೇರಿಯವರನ್ನೂ ಸೇರಿಸಬೇಕೆಂದು ಪಿಯರಿ ಪತ್ರ ಬರೆದರು. ಪ್ರಶಸ್ತಿ ಮೂವರಿಗೂ ಸಂದಿತು. ಸರ್ಕಾರವು ಲೀಜನ್ ಆಫ್ ಆನರ್ ಪದಕವನ್ನು ನೀಡಲು ಮುಂದಾದಾಗ, ತಮಗೆ ಬೇಕಾಗಿರುವುದು ಪದಕವಲ್ಲ, ಪ್ರಯೋಗಾಲಯ ಎಂದು ತಿಳಿಸಿ ನಿರಾಕರಿಸಿದರು. 1904ರಲ್ಲಿ ಸಾರ್ಬಾನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಆದರೆ ತಕ್ಕ ಪ್ರಯೋಗಾಲಯ ಅವರ ಜೀವಿತಾವಧಿಯಲ್ಲಿ ನಿರ್ಮಾಣವಾಗಲಿಲ್ಲ. 1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನಲ್ಲಿ ಮಳೆ ಸುರಿಯುತ್ತಿದ್ದಾಗ ರಸ್ತೆ ದಾಟುತ್ತಿದ್ದ ಅವರು ಜಾರಿಬಿದ್ದು, ಕುದುರೆ ಬಂಡಿಯ ಚಕ್ರಕ್ಕೆ ಸಿಲುಕಿ ಸ್ಥಳದಲ್ಲಿಯೇ ಮೃತಪಟ್ಟರು. ಆಗ ಅವರಿಗೆ 46 ವರ್ಷ. ಅವರ ಪಾಠಗಳನ್ನು ಅದೇ ವರ್ಷ ಮೇರಿ ಮುಂದುವರಿಸಿದರು. ಅವರು ಹಂಬಲಿಸಿದಂತಹ ಪ್ರಯೋಗಾಲಯ, ರೇಡಿಯಂ ಸಂಸ್ಥೆಯ ರೂಪದಲ್ಲಿ, 1914ರಲ್ಲಿ ಸಿದ್ಧವಾಯಿತು.

ಹರಳಿನ ಮುಂದಿನ ಪಯಣ

ಪೀಜೋವಿದ್ಯುತ್ತಿನ ವ್ಯಾಪಕ ಬಳಕೆಯನ್ನು ಪಿಯರಿ ಕಾಣಲಿಲ್ಲ. ಅವರ ಶಿಷ್ಯ ಪಾಲ್ ಲಾಂಜೆವಿನ್ ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಕ್ವಾರ್ಟ್ಸ್ ಹರಳಿನಿಂದಲೇ ನೀರಿನಲ್ಲಿ ಶ್ರವಣಾತೀತ ತರಂಗಗಳನ್ನು ಹೊರಡಿಸಿ, ಹಿಂದಿರುಗಿದ ಪ್ರತಿಧ್ವನಿಯನ್ನು ಹರಳಿನಿಂದಲೇ ಗ್ರಹಿಸಿದರು. ಜಲಾಂತರ್ಗಾಮಿಗಳ ಪತ್ತೆಗೆ ರೂಪಿಸಿದ ಈ ವಿಧಾನವೇ ಗರ್ಭಸ್ಥ ಶಿಶುವನ್ನು ನೋಡುವ ಸ್ಕ್ಯಾನಿಂಗ್ ಯಂತ್ರದ ಮೂಲ. ಜಪಾನಿನಲ್ಲಿ 1969ರಲ್ಲಿ ಕ್ವಾರ್ಟ್ಸ್ ಕೈಗಡಿಯಾರ ಮಾರುಕಟ್ಟೆಗೆ ಬಂದಿತು. ಇಂದು ಬಹುಪಾಲು ಇಂತಹ ಗಡಿಯಾರಗಳಲ್ಲಿ ಪುಟ್ಟ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲವನ್ನು ಎಣಿಸುತ್ತದೆ. 1981ರಲ್ಲಿ ಜ್ಯೂರಿಕ್‌ನಲ್ಲಿ ರೂಪುಗೊಂಡ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಸೂಜಿಯನ್ನು ಪರಮಾಣುವಿಗಿಂತ ಚಿಕ್ಕ ಹೆಜ್ಜೆಗಳಲ್ಲಿ ಚಲಿಸಲು ಹಿಮ್ಮುಖ ಪರಿಣಾಮವೇ ಬಳಕೆಯಾಯಿತು. 1881ರಲ್ಲಿ ಅಳೆಯಲು ತೊಡಕಾಗಿದ್ದ ಆ ಅಲ್ಪ ಚಲನೆಯೇ ಇಲ್ಲಿ ಅನುಕೂಲವಾಯಿತು.

ಸಿಲಿಕಾನ್ ಬಿಲ್ಲೆಯ ಮೇಲೆ ಸುಮಾರು ಒಂದು ಮೈಕ್ರೋಮೀಟರ್ ದಪ್ಪದ ಅಲ್ಯೂಮಿನಿಯಂ ನೈಟ್ರೈಡ್ ಪದರವನ್ನು ಹೊಂದಿಸಿ ಮೊಬೈಲ್ ದೂರವಾಣಿಯ ಸಂಕೇತಗಳನ್ನು ಬೇರ್ಪಡಿಸುವ ಸೋಸುಕಗಳನ್ನು ತಯಾರಿಸಲಾಗುತ್ತಿದೆ. ಕೆಲವು ಮುದ್ರಣ ಯಂತ್ರಗಳಲ್ಲಿ ಶಾಯಿಯ ಹನಿಗಳನ್ನು ತಳ್ಳುವುದೂ ಪೀಜೋ ಪದಾರ್ಥವೇ. ಬೇರಿಯಂ ಟೈಟನೇಟ್‌ನಂತಹ ಪಿಂಗಾಣಿ ವಸ್ತುಗಳು ಇಂತಹ ಕಾರ್ಯಕ್ಕೆ ಕ್ವಾರ್ಟ್ಸ್‌ಗಿಂತ ಪ್ರಬಲ. ಆದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬೇರಿಯಂ ಟೈಟನೇಟ್ ಈ ಗುಣವನ್ನು ಕಳೆದುಕೊಳ್ಳುತ್ತದೆ. ಆ ಮಿತಿಯನ್ನೂ ಕ್ಯೂರಿ ತಾಪವೆಂದೇ ಕರೆಯಲಾಗುತ್ತದೆ.

1995ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಸರ್ಕಾರವು ಪಿಯರಿ ಮತ್ತು ಮೇರಿ ಕ್ಯೂರಿಯವರ ಪಾರ್ಥಿವ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯಾನ್ ಸ್ಮಾರಕಕ್ಕೆ ಸ್ಥಳಾಂತರಿಸಿ ಗೌರವ ಸಲ್ಲಿಸಿತು.